ಫರ್ನೇಸಿಗೆ ಸೆನ್ಸರ್ ಬಂದ ಮೇಲೆ ಗ್ಯಾಸಿನ ಬಿಲ್ಲು

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಫ್ಯಾಕ್ಟರಿಗಳಿಗೆ ಹೋಗುವವರಲ್ಲಿ ನಾನೂ ಒಬ್ಬ. ಗಿಯರು, ಶಾಫ್ಟುಗಳನ್ನು 900 ಡಿಗ್ರಿ ದಾಟಿಸಿ ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಶೆಡ್ಡು ನಮ್ಮದು. ಮೊದಲು ಫರ್ನೇಸ್ ಆಯಿಲ್ ಉರಿಸುತ್ತಿದ್ದೆವು. ದಾಭೋಲ್‌ನಿಂದ ಗೇಲ್‌ನವರ ಪೈಪ್‌ಲೈನು 2013ರಲ್ಲಿ ಬೆಂಗಳೂರು ಮುಟ್ಟಿತು; ಕೆಲವು ವರ್ಷಕ್ಕೆ ನಮ್ಮಲ್ಲೂ ನೈಸರ್ಗಿಕ ಅನಿಲ, ಅದರ ಹಿಂದೆಯೇ ಆಟೋಮೇಷನ್.

ಯಂತ್ರ ಗ್ಯಾಸನ್ನು ಹೇಗೆ ಉಳಿಸುತ್ತದೆ? ಗಾಳಿಯನ್ನು ಹಿಡಿತದಲ್ಲಿಟ್ಟು. ಒಂದು ಪಾಲು ಗ್ಯಾಸ್ ಪೂರ್ತಿ ಉರಿಯಲು ಹತ್ತಿರ ಹತ್ತು ಪಾಲು ಗಾಳಿ ಬೇಕು. ಕಡಿಮೆ ಬಿದ್ದರೆ ಮಸಿ, ವಿಷದ ಕಾರ್ಬನ್ ಮೊನಾಕ್ಸೈಡು. ಆ ಭಯಕ್ಕೆ ಆಪರೇಟರುಗಳೆಲ್ಲ ಗಾಳಿಯ ವಾಲ್ವನ್ನು ಸ್ವಲ್ಪ ಜಾಸ್ತಿಯೇ ತಿರುಗಿಸಿಡುತ್ತಿದ್ದರು. ಹೆಚ್ಚಿನ ಗಾಳಿಯೂ ಒಳಗೆ ಕಾದು ಚಿಮಣಿಯಿಂದ ಆಚೆ ಹೋಗುತ್ತಿತ್ತು, ದುಡ್ಡು ಕೊಟ್ಟು ಆಕಾಶ ಕಾಯಿಸಿದ ಹಾಗೆ. ಈಗ ಚಿಮಣಿಯೊಳಗಿನ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಟ್ರೋಲರೇ ಗಾಳಿ, ಗ್ಯಾಸು ಎರಡನ್ನೂ ಹೊಂದಿಸುತ್ತದೆ. ಆಚೆ ಹೋಗುವ ಹೊಗೆಯ ಬಿಸಿಯಲ್ಲೇ ಒಳಬರುವ ಗಾಳಿ ಕಾಯುತ್ತದೆ. ಮಾಲಿನ ಟ್ರೇ ತಾನಾಗಿ ಒಳಗೆ ಸರಿಯುವುದರಿಂದ ಬಾಗಿಲು ತೆರೆದಿರುವ ಹೊತ್ತೂ ಕಡಿಮೆ. ಟ್ರೇ ತಳ್ಳುತ್ತಿದ್ದ ಹುಡುಗರಲ್ಲಿ ಎಷ್ಟೋ ಜನಕ್ಕೆ ಈಗ ಆ ಕೆಲಸವಿಲ್ಲ. ಉಳಿತಾಯದ ಲೆಕ್ಕದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ಹಾಗಂತ ಬಿಲ್ಲು ಇಳಿಯಲೇಬೇಕೆಂದಿಲ್ಲ. ದುಬಾರಿ ಯಂತ್ರವನ್ನು ಯಾವ ಮಾಲೀಕರೂ ರಾತ್ರಿ ಸುಮ್ಮನೆ ನಿಲ್ಲಿಸುವುದಿಲ್ಲ, ಮೂರನೇ ಶಿಫ್ಟೂ ಓಡಿಸುತ್ತಾರೆ. ಕಿಲೋ ಮಾಲಿಗೆ ಐದರಲ್ಲೊಂದು ಪಾಲು ಗ್ಯಾಸ್ ಉಳಿಸಿ, ಮಾಲನ್ನು ಒಂದೂವರೆ ಪಟ್ಟು ಮಾಡಿದರೆ ಒಟ್ಟು ಖರ್ಚಾಗುವ ಗ್ಯಾಸು ಶೇಕಡಾ 20ರಷ್ಟು ಏರುತ್ತದೆ!

ಕೆಜಿಎಫ್‌ನವರಿಗೆ ಇದು ಹೊಸದೇನಲ್ಲ. ನಮ್ಮ ಚಿನ್ನದ ಗಣಿಗಳಲ್ಲಿ ಹಬೆಯಂತ್ರಗಳ ಕಾಲ ನಡೆದಿದ್ದಾಗ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬಾಯ್ಲರುಗಳ ಕೆಲಸ ಕಡಿಮೆಯಾಯಿತು, ಆದರೆ ಕರೆಂಟು ಎಷ್ಟು ಬಂದರೂ ಸಾಲದಾಯಿತು. ಮುಂದೆ ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ, ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ನೀರು ತಪ್ಪದಿರಲಿ, ಗಣಿಗೆ ಕರೆಂಟು ತಪ್ಪದಿರಲಿ ಎಂಬುದೂ ಒಂದು.

ಗ್ಯಾಸು ನಿಜಕ್ಕೂ ಇಳಿಯುವುದು ಇಂಡಕ್ಷನ್ ಬಂದ ಕಡೆ. ತಾಮ್ರದ ಕಾಯಿಲಿನಲ್ಲಿ ಕರೆಂಟು ಹರಿಸಿದರೆ ಗಿಯರಿನ ಹಲ್ಲಷ್ಟೇ ಕೆಲವೇ ಸೆಕೆಂಡಿನಲ್ಲಿ ಕೆಂಪಾಗುತ್ತದೆ. ರೋಬೋಟಿನ ಕೈಗೆ ಒಪ್ಪುವ ಕೆಲಸ. ನಾವು ಮಾಡುವ ಕಾರ್ಬುರೈಸಿಂಗ್‌ಗೆ ಮಾತ್ರ ಅಷ್ಟು ಅವಸರ ಆಗುವುದಿಲ್ಲ. ಉಕ್ಕಿನ ಮೈಗೆ ಇಂಗಾಲ ಇಳಿಯಲು ಗಂಟೆಗಟ್ಟಲೆ ಬೇಕು, ಆ ಇಂಗಾಲವನ್ನು ಕೊಡಲಿಕ್ಕೂ ಇದೇ ಗ್ಯಾಸು ಬಳಸುತ್ತಾರೆ. ಫರ್ನೇಸನ್ನು ಕರೆಂಟಿನಲ್ಲಿ ಕಾಯಿಸಿದರೂ ಒಂದು ಸಣ್ಣ ಗ್ಯಾಸ್ ಪೈಪು ಒಳಗೆ ಹೋಗುತ್ತಲೇ ಇರುತ್ತದೆ.