ದಸರಾ ರಜೆ, ಜೊತೆಗೆ ಪುಟ್ಟ ಮಕ್ಕಳು

ದಸರಾ ರಜೆಗೆ ಪುಟ್ಟ ಮಕ್ಕಳನ್ನ ಕರ್ಕೊಂಡು ಮೈಸೂರು ಕಡೆ ಬರ್ತಿದ್ದೀರಾ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲಾ ಒಂದೇ ದಿನಕ್ಕೆ ತುರುಕಬೇಡಿ.

ನನ್ನ ಕೇಳಿದ್ರೆ ಮೊದಲು ಪಿರಿಯಾಪಟ್ಟಣದ ಬೈಲಕುಪ್ಪೆ. ಅಲ್ಲಿನ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧನನ್ನ ಮಕ್ಕಳು ಕತ್ತೆತ್ತಿ ನೋಡ್ತಾ ನಿಂತುಬಿಡ್ತಾರೆ. ಗೋಡೆ ಮೇಲಿನ ಉಗ್ರ ದೇವತೆಗಳನ್ನ ಕಂಡು ಹೆದರಿದ್ರೆ ಎತ್ಕೊಳ್ಳಿ, ಅಷ್ಟೆ.

ಕೆ.ಆರ್. ನಗರ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 20 ಮೀಟರ್ ಧುಮುಕುತ್ತೆ. ದೂರದಿಂದ ನೋಡಿದ್ರೆ ಸಾಕು, ಬಂಡೆ ಜಾರುತ್ತೆ.

ಎಚ್.ಡಿ. ಕೋಟೆ ಕಡೆಯ ಕಾಕನಕೋಟೆ ಸಫಾರಿ? ಗಂಟೆಗಟ್ಟಲೆ ಸದ್ದಿಲ್ಲದೆ ಕೂರೋ ಮಗುವಾದ್ರೆ ಮಾತ್ರ. ನಡೀತಿದೆಯಾ ಅಂತ ಮೊದಲೇ ವಿಚಾರಿಸಿ. ಅಂದಹಾಗೆ, ಎಚ್.ಡಿ. ಕೋಟೆ ದಾಟಿ ಕೇರಳದ ಮಾನಂದವಾಡಿಗೆ ಹೋಗೋ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್.

ಬಿಸಿನೀರು, ಬಿಸ್ಕತ್ತು, ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಲ್ಲ, ಕೈಗೆ ಸಿಗೋ ಹಾಗೆ ಸೀಟಲ್ಲೇ ಇರಲಿ.