ನಾಲ್ಕು ವರ್ಷದ ಕೈಗೆ ನಾಲ್ಕು ಗೆರೆಯ ಪುಸ್ತಕವೇ?

ಒಂದನೇ ತರಗತಿಗೆ ಇನ್ನೂ ಕಾಲಿಡದ ಮಗುವಿಗೆ ಇಂಗ್ಲಿಷಿನ ಕರ್ಸಿವ್ ಬರಹವನ್ನು, ಅಂದರೆ ಪೆನ್ಸಿಲನ್ನು ಮೇಲೆತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವ ಕೂಡುಬರಹವನ್ನು ಕಲಿಸಬಹುದೇ? ರಾಜಧಾನಿಯ ಅಂಚಿನಲ್ಲಿರುವ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯ ತಂದೆತಾಯಂದಿರಿಗೆ ಇದು ಕೇವಲ ಪಂಡಿತರ ಚರ್ಚೆಯಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಈ ಸೀಮೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಿಡಲು ರಾಜ್ಯ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿತು. ಹೆಸರಿಗಿಂತ ಮೊದಲೇ ಬೆಂಗಳೂರಿನ ಶಾಲಾ ಪೈಪೋಟಿ ಇಲ್ಲಿಗೆ ಬಂದು ನೆಲೆಸಿದೆ. ಅದರ ಗುರುತುಗಳಲ್ಲೊಂದು, ಎಲ್‌ಕೆಜಿ ಮಗುವಿನ ಚೀಲದಲ್ಲಿರುವ ನಾಲ್ಕು ಗೆರೆಯ ಕಾಪಿ ಪುಸ್ತಕ.

ಈ ಪುಸ್ತಕದ ಹಿಂದೆ ಒಂದು ಲೆಕ್ಕಾಚಾರವಿದೆ. ಸಾಲುಸಾಲಾಗಿ ತುಂಬಿದ ಹಾಳೆ ಪೋಷಕರ ಕಣ್ಣಿಗೆ ಕಾಣುತ್ತದೆ; ಕಟ್ಟಿದ ಶುಲ್ಕಕ್ಕೆ ರಸೀದಿಯಂತೆ ತೋರುತ್ತದೆ. ಮರಳಿನಲ್ಲಿ ಆಡಿ, ಹಾಡು ಹೇಳಿ, ಮಣಿ ಪೋಣಿಸಿ ಮನೆಗೆ ಬಂದ ಅಂಗನವಾಡಿಯ ಮಗು ತೋರಿಸಲು ಏನನ್ನೂ ತಂದಿರುವುದಿಲ್ಲ. 'ಅಲ್ಲಿ ಏನೂ ಬರೆಸುವುದಿಲ್ಲ' ಎಂಬ ಒಂದೇ ಮಾತಿಗೆ ಮಗುವನ್ನು ಅಂಗನವಾಡಿಯಿಂದ ಬಿಡಿಸಿ, ಸಾಲ ಮಾಡಿಯಾದರೂ ಕಾನ್ವೆಂಟಿಗೆ ಸೇರಿಸುವವರುಂಟು. ಆದ್ದರಿಂದ ಬರೆಯುವುದಕ್ಕೆ ಮಗು ಯಾವಾಗ ಸಿದ್ಧವಾಗುತ್ತದೆ ಎಂಬುದನ್ನು ತಿಳಿಯುವುದು ಮನೆಯ ಖರ್ಚಿಗೂ, ಮಗುವಿನ ನೆಮ್ಮದಿಗೂ ಸಂಬಂಧಿಸಿದ ಸಂಗತಿ.

ಕೈ ಬೆಳೆಯುವ ಬಗೆ

ವಾಟ್ಸಾಪಿನಲ್ಲಿ ಆಗಾಗ ಎರಡು ಎಕ್ಸ್‌ರೇ ಚಿತ್ರಗಳು ಹರಿದಾಡುತ್ತವೆ. ಒಂದರಲ್ಲಿ ಪುಟ್ಟ ಮಗುವಿನ ಕೈ, ಇನ್ನೊಂದರಲ್ಲಿ ಏಳು ವರ್ಷದ ಮಗುವಿನ ಕೈ. ಚಿಕ್ಕ ಕೈಯ ಮಣಿಕಟ್ಟಿನಲ್ಲಿ ಮೂಳೆಗಳ ಜಾಗ ಬಹುಪಾಲು ಖಾಲಿ. ಚಿತ್ರ ಸುಳ್ಳಲ್ಲ. ಮಣಿಕಟ್ಟಿನ 8 ಕಿರುಮೂಳೆಗಳು ಹುಟ್ಟುವಾಗ ಮೃದ್ವಸ್ಥಿಯಾಗಿರುತ್ತವೆ. ಮೊದಲ ಎರಡು ಕೆಲವೇ ತಿಂಗಳಲ್ಲಿ ಗಟ್ಟಿಯಾಗತೊಡಗುತ್ತವೆ. ಕೊನೆಯದು ಸುಮಾರು ಒಂಬತ್ತು ಹತ್ತರ ವಯಸ್ಸಿಗೆ. ಆದರೆ ಇಷ್ಟರಿಂದಲೇ 'ಏಳು ವರ್ಷದವರೆಗೆ ಪೆನ್ಸಿಲ್ ಕೊಡಬಾರದು' ಎಂದು ತೀರ್ಮಾನಿಸುವುದು ಸರಿಯಲ್ಲ. ಮೃದ್ವಸ್ಥಿ ಇದ್ದರೂ ಮಗು ಹತ್ತುತ್ತದೆ, ಹಿಡಿಯುತ್ತದೆ, ಗೀಚುತ್ತದೆ. ಬರಹಕ್ಕೆ ಮೂಳೆಗಿಂತ ಹೆಚ್ಚಾಗಿ ಬೇಕಾದದ್ದು ಕಣ್ಣು, ಮೆದುಳು ಮತ್ತು ಬೆರಳುಗಳ ಹೊಂದಾಣಿಕೆ.

ಆ ಹೊಂದಾಣಿಕೆಗೆ ಒಂದು ಕ್ರಮವಿದೆ. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನು ಆಡಿಸುತ್ತದೆ. ಎರಡು ಮೂರು ವರ್ಷಕ್ಕೆ ಬೆರಳುಗಳು ಮುಂದೆ ಬರುತ್ತವೆ, ಆದರೆ ಚಲನೆ ಮೊಣಕೈಯಿಂದ. ಮೂರೂವರೆ ನಾಲ್ಕಕ್ಕೆ ಮೂರು ಬೆರಳಿನ ಹಿಡಿತ ಕಾಣಿಸಿಕೊಂಡರೂ ಬೆರಳುಗಳು ಬಿಗಿದುಕೊಂಡಿದ್ದು ಮಣಿಕಟ್ಟೇ ಚಲಿಸುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸಡಿಲವಾಗಿ ಆಡುತ್ತ ಪೆನ್ಸಿಲನ್ನು ನಡೆಸುವ ಹಿಡಿತ ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರರ ನಡುವೆ ಪಕ್ವವಾಗುತ್ತದೆ.

ಆಕಾರಗಳನ್ನು ನೋಡಿ ಬರೆಯುವುದಕ್ಕೂ ಇಂತಹದೇ ಮೆಟ್ಟಿಲುಗಳಿವೆ. ಸುಮಾರು ಮೂರು ವರ್ಷಕ್ಕೆ ನೇರ ಗೆರೆ ಮತ್ತು ವೃತ್ತ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆಗೆ ಚೌಕ, ಐದರ ಹೊತ್ತಿಗೆ ಗುಣಿಸುವ ಚಿಹ್ನೆ, ಐದು ದಾಟಿದ ಮೇಲೆ ತ್ರಿಕೋನ. ಓರೆ ಗೆರೆಗಳು ತಡವಾಗಿ ಬರುತ್ತವೆ ಎಂಬುದನ್ನು ಗಮನಿಸಬೇಕು. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ವೈಲ್ ಮತ್ತು ಅಮುಂಡ್‌ಸನ್ ಅವರ ಅಧ್ಯಯನವೊಂದು, ನೇರ ಗೆರೆಯಿಂದ ತ್ರಿಕೋನದವರೆಗಿನ ಇಂತಹ 9 ಆಕಾರಗಳನ್ನು ನಕಲು ಮಾಡಬಲ್ಲ ಮಕ್ಕಳು ಅಕ್ಷರಗಳನ್ನೂ ಗಣನೀಯವಾಗಿ ಚೆನ್ನಾಗಿ ಬರೆಯುತ್ತಾರೆಂದು ತೋರಿಸಿತು. ಎಂದರೆ ಬಿಡಿ ಅಕ್ಷರಗಳ ಪಾಠಕ್ಕೇ ಐದು ವರ್ಷದ ಆಸುಪಾಸು ಬೇಕು. ಕೂಡುಬರಹ ಅದರ ನಂತರದ ಮೆಟ್ಟಿಲು.

ಕೂಡುಬರಹದಲ್ಲಿ ಕಷ್ಟ ಎಲ್ಲಿದೆ?

ಬಿಡಿ ಅಕ್ಷರ ಬರೆಯುವ ಮಗುವಿಗೆ ಪ್ರತಿ ಅಕ್ಷರದ ಬಳಿಕ ಕೈ ಎತ್ತಿ, ನೋಡಿ, ಮುಂದಿನದನ್ನು ಆರಂಭಿಸುವ ಬಿಡುವು ಇರುತ್ತದೆ. ಕೂಡುಬರಹದಲ್ಲಿ ಈ ಬಿಡುವಿಲ್ಲ. ಒಂದು ಅಕ್ಷರವನ್ನು ಮುಗಿಸುತ್ತಿರುವಾಗಲೇ ಮುಂದಿನದು ಎಲ್ಲಿಂದ ಹೊರಡಬೇಕೆಂದು ಮನಸ್ಸು ಎಣಿಸಿರಬೇಕು. ಇಂಗ್ಲಿಷಿನ ಬಿ, ಓ, ವಿ, ಡಬ್ಲ್ಯೂ ಅಕ್ಷರಗಳ ಕೊಂಡಿ ಮೇಲಿನಿಂದ ಹೊರಡುತ್ತದೆ, ಉಳಿದವುಗಳದ್ದು ಕೆಳಗೆರೆಯಿಂದ. ಎಸ್, ಆರ್, ಎಫ್, ಝಡ್ ಅಕ್ಷರಗಳು ಕೂಡುಬರಹದಲ್ಲಿ ರೂಪವನ್ನೇ ಬದಲಿಸುತ್ತವೆ. ಮಗು ಪುಸ್ತಕದಲ್ಲಿ ಓದುವುದು ಒಂದು ಆಕಾರ, ಬರೆಯಬೇಕಾದದ್ದು ಇನ್ನೊಂದು.

ನಮ್ಮ ಮಕ್ಕಳ ಹೊರೆಯನ್ನು ಒಮ್ಮೆ ಎಣಿಸಿ ನೋಡಬಹುದು. ಇಂಗ್ಲಿಷಿನ 26 ಅಕ್ಷರಗಳಿಗೆ ದೊಡ್ಡದು, ಚಿಕ್ಕದು, ಬಿಡಿ, ಕೂಡು ಎಂದು ನಾಲ್ಕು ರೂಪ, ಒಟ್ಟು 104. ಇದರ ಜೊತೆಗೆ ಕನ್ನಡದ 49 ಅಕ್ಷರ. ಕಾಗುಣಿತ, ಒತ್ತಕ್ಷರಗಳ ಮಾತು ಬೇರೆಯೇ. ಮನೆಯಲ್ಲಿ ಇಂಗ್ಲಿಷನ್ನೇ ಆಡದ ಮಗುವಿಗೆ, ಅರ್ಥ ಗೊತ್ತಿರದ ಪದವನ್ನು, ಓದಲು ಬಾರದ ಆಕಾರದಲ್ಲಿ, ಹಿಡಿತ ಬಾರದ ಕೈಯಿಂದ ಬರೆಸಿದರೆ ಅದು ಬರಹವಲ್ಲ, ಗೆರೆಗಳ ಕಸರತ್ತು.

ಕನ್ನಡದ ಲಿಪಿಯಲ್ಲಿ ಶಾಲೆಯಲ್ಲಿ ಕಲಿಸುವ ಕೂಡುಬರಹವೆಂಬುದೇ ಇಲ್ಲ. ಹಿಂದೆ ಶಾನುಭೋಗರ ಕಡತಗಳಲ್ಲಿ ಅಕ್ಷರಗಳನ್ನು ಎಳೆದು ಕೂಡಿಸಿ ಬರೆಯುವ ಮೋಡಿ ಬರಹ ಇತ್ತು. ಅದು ಲೆಕ್ಕಪತ್ರಗಳನ್ನು ಬೇಗಬೇಗ ಬರೆಯಬೇಕಾದ, ಅಕ್ಷರ ಚೆನ್ನಾಗಿ ಪಳಗಿದ ದೊಡ್ಡವರ ಕೈ. ಕೂಡುಬರಹದ ಹುಟ್ಟು ವೇಗಕ್ಕಾಗಿ. ಬೇಗ ಬರೆಯುವ ಅಗತ್ಯವೇ ಇಲ್ಲದ ನಾಲ್ಕು ವರ್ಷದ ಮಗುವಿಗೆ ಅದರ ಲಾಭವೂ ಇಲ್ಲ.

ವಿರುದ್ಧ ವಾದವೂ ಇದೆ

ಬೇಗನೆ ಕಲಿಸಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದಲ್ಲಿ ತೆರೆದ ಮಕ್ಕಳ ಮನೆಯಲ್ಲಿ ನಾಲ್ಕೈದು ವರ್ಷದ ಮಕ್ಕಳು ಕೂಡುಬರಹವನ್ನೇ ಬರೆದರು. ಫ್ರಾನ್ಸಿನ ಶಾಲೆಗಳಲ್ಲಿ ಐದು ವರ್ಷದ ಮಕ್ಕಳಿರುವ ಶಿಶುವರ್ಗದ ಕೊನೆಯ ವರ್ಷದಲ್ಲೇ ಅದಕ್ಕೆ ನಾಂದಿ ಹಾಡುತ್ತಾರೆ. ಕೈ ಎತ್ತದೆ ಬರೆದರೆ ಬಿ ಮತ್ತು ಡಿ ಅಕ್ಷರಗಳ ಗೊಂದಲ ತಗ್ಗುತ್ತದೆ, ಪದಗಳ ನಡುವಿನ ಅಂತರ ತಾನಾಗಿ ಮೂಡುತ್ತದೆ ಎಂಬುದು ಅವರ ಅನುಭವ.

ಆದರೆ ಆ ಪದ್ಧತಿಗಳಲ್ಲಿ ಬರಹಕ್ಕಿಂತ ಮುಂಚೆ ಏನು ನಡೆಯುತ್ತದೆ ಎಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಮಾಂಟೆಸ್ಸರಿ ಕ್ರಮದಲ್ಲಿ ಮಗು ಮೊದಲು ಉಪ್ಪುಕಾಗದದ ಅಕ್ಷರಗಳ ಮೇಲೆ ಎರಡು ಬೆರಳು ಆಡಿಸುತ್ತದೆ, ಲೋಹದ ಅಚ್ಚುಗಳ ಒಳಗೆ ಗೆರೆ ತುಂಬುತ್ತದೆ, ಗುಂಡಿ ಹಾಕಿ ದಾರ ಕಟ್ಟುತ್ತದೆ. ಬಯಸಿದಾಗ ಬರೆಯುತ್ತದೆ. ಫ್ರಾನ್ಸಿನಲ್ಲೂ ಅಲೆ, ಸುರುಳಿ, ಕಮಾನುಗಳನ್ನು ಬಿಡಿಸುವ ಅಭ್ಯಾಸ ಮೊದಲು. ಹೆಸರಿಗೆ ಮಾಂಟೆಸ್ಸರಿ ಎಂಬ ಫಲಕ ಹಾಕಿ, ಮೊದಲ ದಿನವೇ ಚುಕ್ಕೆಗಳ ಮೇಲೆ ತಿದ್ದಿಸುವುದು ಆ ಪದ್ಧತಿಯಲ್ಲ.

ಜಗತ್ತಿನ ಉಳಿದೆಡೆ ಒಮ್ಮತವಿಲ್ಲ. ಫಿನ್‌ಲೆಂಡ್ 2016ರಿಂದ ಕೂಡುಬರಹದ ಕಡ್ಡಾಯವನ್ನು ಕೈಬಿಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಕಾಯ್ದೆ ಮಾಡಿ ಅದನ್ನು ಮರಳಿ ತಂದಿತು. ಆದರೆ ಒಂದರಿಂದ ಆರನೇ ತರಗತಿಯ ಮಕ್ಕಳಿಗೆ, ಶಿಶುವಿಹಾರಕ್ಕಲ್ಲ.

ಹಾಗೆಂದು ಕೈಬರಹವೇ ಬೇಡವೆಂದೂ ಅಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ತಾವೇ ಬರೆದಾಗ, ಆ ಬಳಿಕ ಅವನ್ನು ನೋಡುವಾಗ ಮೆದುಳಿನ ಓದಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ಚುಕ್ಕೆಗಳ ಮೇಲೆ ತಿದ್ದಿದಾಗ ಅಥವಾ ಕೀಲಿಮಣೆ ಒತ್ತಿದಾಗ ಆ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ಸೊಟ್ಟಗಿದ್ದರೂ ಮಗುವೇ ಬರೆದ ಅಕ್ಷರಕ್ಕೆ ಬೆಲೆ ಹೆಚ್ಚು ಎಂಬುದು ಇದರ ಸಾರ.

ಕಾಯ್ದೆ, ಪಠ್ಯಕ್ರಮ ಹೇಳುವುದೇನು?

2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡವೆನ್ನುತ್ತದೆ. ಆಟಿಕೆ, ಗೊಂಬೆ, ಒಗಟು, ಕಥೆಗಳೇ ಅಲ್ಲಿ ಪಾಠ. ಶಾಲಾಪೂರ್ವ ಮಕ್ಕಳಿಗೆ ಲಿಖಿತ ಅಥವಾ ಮೌಖಿಕ ಪರೀಕ್ಷೆ ಸಲ್ಲದೆಂದು ಎನ್‌ಸಿಇಆರ್‌ಟಿ ಮೊದಲೇ ಹೇಳಿದೆ. ಕರ್ನಾಟಕದ ಅಂಗನವಾಡಿಗಳ 'ಚಿಲಿಪಿಲಿ' ಪಠ್ಯಕ್ರಮವೂ ಚಟುವಟಿಕೆಯನ್ನೇ ನೆಚ್ಚಿಕೊಂಡಿದೆ. 'ಏನೂ ಬರೆಸುವುದಿಲ್ಲ' ಎಂದು ನಾವು ದೂರುವ ಅಂಗನವಾಡಿಯೇ ಈ ವಿಷಯದಲ್ಲಿ ಶಾಸ್ತ್ರಕ್ಕೆ ಹತ್ತಿರವಾಗಿದೆ. ಅಂಗನವಾಡಿಗಳಿಗೆ ಸೌಕರ್ಯ, ತರಬೇತಿ ಇನ್ನೂ ಬೇಕೆಂಬುದು ನಿಜ. ಆದರೆ ಕಾಪಿ ಪುಸ್ತಕವಿಲ್ಲದಿರುವುದು ಅವುಗಳ ಕೊರತೆಯಲ್ಲ.

ಪೋಷಕರನ್ನು ಕಾಡುವ ಇನ್ನೊಂದು ಭಯ: ಕೂಡುಬರಹ ಬಾರದಿದ್ದರೆ ಒಂದನೇ ತರಗತಿಗೆ ಸೀಟು ಸಿಗದೇನೋ ಎಂಬುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಪ್ರಕರಣದ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನಾಗಲಿ, ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದು ನಿಷಿದ್ಧ. ಉಲ್ಲಂಘಿಸಿದ ಶಾಲೆಗೆ ಮೊದಲ ಬಾರಿ 25 ಸಾವಿರ ರೂಪಾಯಿವರೆಗೆ, ನಂತರದ ಪ್ರತಿ ಬಾರಿ 50 ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ಅಕ್ಷರ ದುಂಡಗಿಲ್ಲವೆಂದು ಮಗುವನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಯಾವ ಶಾಲೆಗೂ ಇಲ್ಲ.

ಕೈ ಪಳಗಿಸುವ ಸಾಧನಗಳು ಮನೆಯಂಗಳದಲ್ಲೇ ಇವೆ

ಬರಹಕ್ಕೆ ಕೈಯನ್ನು ಸಿದ್ಧಗೊಳಿಸಲು ಈ ನಾಲ್ಕು ಊರುಗಳ ಜನ ದೂರ ಹೋಗಬೇಕಿಲ್ಲ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ಕೊಟ್ಟ ಚನ್ನಪಟ್ಟಣದ ಆಟಿಕೆಗಳಿವೆ. ಬುಗುರಿ ತಿರುಗಿಸಲು, ಮಣಿ ಪೋಣಿಸಲು, ಉಂಗುರಗಳನ್ನು ಕ್ರಮವಾಗಿ ಕೋಲಿಗೆ ಏರಿಸಲು ಬೇಕಾಗುವ ಬೆರಳಿನ ಹತೋಟಿಯೇ ನಾಳೆ ಪೆನ್ಸಿಲಿಗೂ ಬೇಕಾದದ್ದು. ಊರಿನ ಗೊಂಬೆಯನ್ನು ಪ್ರವಾಸಿಗರಿಗೆ ಮಾರಿ, ಮಗುವಿಗೆ ಮೊಬೈಲು ಕೊಡುವುದು ವಿಪರ್ಯಾಸ.

ಮಾಗಡಿ ಸೀಮೆಯಲ್ಲಿ ಅವರೆಯ ಸುಗ್ಗಿ ಬಂದಾಗ ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಹಿತಕಿದ ಬೇಳೆ ಮಾಡುತ್ತಾರೆ. ಅಜ್ಜಿಯ ಪಕ್ಕ ಕುಳಿತ ಮಗು ಹತ್ತು ಕಾಳು ಹಿತಕಿದರೂ ಅದು ಬೆರಳಿಗೆ ಒಳ್ಳೆಯ ವ್ಯಾಯಾಮ. ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಬಿಡುವುದು, ಚುಕ್ಕೆಗಳ ಸುತ್ತ ಕೈಯೆತ್ತದೆ ಎಳೆ ಸುತ್ತುವುದು ಕೂಡುಬರಹದ ಚಲನೆಯೇ. ದೊಡ್ಡ ಅಳತೆಯಲ್ಲಿ, ಇಡೀ ತೋಳಿನಿಂದ. ಚಪಾತಿ ಹಿಟ್ಟಿನಲ್ಲಿ ಹಾವು ಮಾಡುವುದು, ಹೂ ಪೋಣಿಸುವುದು, ಕಲ್ಲಾಟ, ಅಳಗುಳಿಮಣೆ ಇವೆಲ್ಲವೂ ಸಲ್ಲುತ್ತವೆ. ಇದು ಆಟವಾಗಿಯೇ ಉಳಿಯಬೇಕು, ದುಡಿಮೆಯಾಗಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಹಳೆಯ ಮಠದ ಶಾಲೆಗಳಲ್ಲಿ ಅಕ್ಷರ ತಿದ್ದಿಸುತ್ತಿದ್ದುದು ಮರಳಿನ ಮೇಲೆ. ವಿಜಯದಶಮಿಯ ಅಕ್ಷರಾಭ್ಯಾಸ ಇಂದಿಗೂ ಅಕ್ಕಿಯ ಮೇಲೆ ಬೆರಳಿನಿಂದಲೇ. ದೊಡ್ಡ ಆಕಾರ, ಬೆರಳಿಗೆ ಸ್ಪರ್ಶ, ತಪ್ಪಿದರೆ ಒಂದು ಸವರಿಗೆ ಅಳಿಸುವ ಅವಕಾಶ, ಈ ಮೂರೂ ಅಲ್ಲಿದ್ದವು. ಗೆರೆಗೆ ತಾಗಿದ್ದಕ್ಕೆ ಕೆಂಪು ಶಾಯಿಯ ಗುರುತು ಬೀಳುವ ಪುಸ್ತಕದಲ್ಲಿ ಮೂರೂ ಇಲ್ಲ.

ಯಾವಾಗ ಸಿದ್ಧ?

ಮಗು ತನ್ನ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತದೆಯೇ? ಕತ್ತರಿಯಿಂದ ಗೆರೆಯ ಮೇಲೆ ಕತ್ತರಿಸಬಲ್ಲದೇ? ಚೌಕ, ತ್ರಿಕೋನ, ಗುಣಿಸುವ ಚಿಹ್ನೆಯನ್ನು ನೋಡಿ ಬರೆಯುತ್ತದೆಯೇ? ಬರೆಯುವಾಗ ಇನ್ನೊಂದು ಕೈ ಹಾಳೆಯನ್ನು ಹಿಡಿದಿರುತ್ತದೆಯೇ? ಅಕ್ಷರಗಳನ್ನು ಗುರುತಿಸಿ ಅವುಗಳ ಧ್ವನಿ ಹೇಳುತ್ತದೆಯೇ? ಇವಕ್ಕೆಲ್ಲ ಹೌದು ಎಂದಾದರೆ ಬಿಡಿ ಅಕ್ಷರಗಳನ್ನು ಆರಂಭಿಸಬಹುದು. ಹೆಚ್ಚಿನ ಮಕ್ಕಳಲ್ಲಿ ಇದು ಐದರಿಂದ ಆರರ ನಡುವೆ. ಬಿಡಿ ಅಕ್ಷರಗಳು ಯೋಚಿಸದೆಯೇ ಮೂಡುವಷ್ಟು ಪಳಗಿದ ಮೇಲೆ, ಎಂದರೆ ಎರಡನೇ ಅಥವಾ ಮೂರನೇ ತರಗತಿಯಲ್ಲಿ, ಕೂಡುಬರಹ ಸಲೀಸು. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ಹೊರಳಿಸುವ ಹಟವಂತೂ ಬೇಡವೇ ಬೇಡ.

ಏಳು ವರ್ಷ ದಾಟಿದರೂ ಬರಹ ಹಿಡಿತಕ್ಕೆ ಬಾರದೆ ಮಗು ತೊಳಲಾಡುತ್ತಿದ್ದರೆ ಅದನ್ನು ಸೋಮಾರಿತನವೆಂದು ಗದರಿಸದೆ ತಜ್ಞರಿಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿಂದ ದೂರವಲ್ಲ.

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಈ ಚರ್ಚೆಯಲ್ಲಿ ಪೋಷಕರು ಮತ್ತೆ ಮತ್ತೆ ಮುಂದಿಡುತ್ತಾರೆ. ಗಾದೆ ಗಿಡದ ಮಾತನ್ನು ಹೇಳುತ್ತದೆ, ಮೊಳಕೆಯದ್ದಲ್ಲ. ಮುಂದಿನ ಜೂನ್‌ನಲ್ಲಿ ಶಾಲೆ ಆರಿಸಲು ಹೊರಟ ತಂದೆತಾಯಿ, ಮಗು ಎಷ್ಟು ಪುಟ ಬರೆಯುತ್ತದೆ ಎಂದು ಕೇಳುವ ಬದಲು, ದಿನಕ್ಕೆ ಎಷ್ಟು ಹೊತ್ತು ಆಡುತ್ತದೆ, ಯಾರು ಅದಕ್ಕೆ ಕಥೆ ಹೇಳುತ್ತಾರೆ ಎಂದು ಕೇಳಲಿ. ಆ ಪ್ರಶ್ನೆ ಕೇಳುವವರು ಹೆಚ್ಚಿದಂತೆ ಶಾಲೆಗಳೂ ನಾಲ್ಕು ಗೆರೆಯ ಪುಸ್ತಕವನ್ನು ಅದರ ಕಾಲಕ್ಕೆ ತೆಗೆದಿಡುತ್ತವೆ.