ತೆರೆಯ ಮೇಲಿನ ನಗರ: ಮೈ ಒಂದೂರಿನದು, ಹೆಸರು ಇನ್ನೊಂದರದು

1995ರಲ್ಲಿ ತೆರೆಕಂಡ, ಜಾಕಿ ಚಾನ್ ಅಭಿನಯದ 'ರಂಬಲ್ ಇನ್ ದಿ ಬ್ರಾಂಕ್ಸ್' ಚಿತ್ರದ ಕಥೆ ನಡೆಯುವುದು ನ್ಯೂಯಾರ್ಕ್ ಮಹಾನಗರದ ಬ್ರಾಂಕ್ಸ್ ಭಾಗದಲ್ಲಿ. ಬ್ರಾಂಕ್ಸ್‌ನಲ್ಲಿ ಪರ್ವತಗಳಿಲ್ಲ. ಆದರೆ ಚಿತ್ರದಲ್ಲಿ ಕಟ್ಟಡಗಳ ಹಿಂದೆ ಪರ್ವತಶ್ರೇಣಿಯೊಂದು ನಿಚ್ಚಳವಾಗಿ ಕಾಣುತ್ತದೆ. ಚಿತ್ರೀಕರಣ ನಡೆದದ್ದು ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನಗರದಲ್ಲಿ ಎಂಬುದೇ ಇದಕ್ಕೆ ಕಾರಣ. ಅಂಗಡಿಯ ನಾಮಫಲಕ ಬದಲಿಸಬಹುದು, ವಾಹನಗಳ ನೋಂದಣಿ ಫಲಕ ಬದಲಿಸಬಹುದು. ಪರ್ವತವನ್ನು ಸರಿಸುವುದು ಯಾವ ಕಲಾನಿರ್ದೇಶಕನಿಂದಲೂ ಆಗದ ಕೆಲಸ.

ಪ್ರೇಕ್ಷಕರು ಇದನ್ನು ಕಂಡು ನಕ್ಕು ಸುಮ್ಮನಾಗುತ್ತಾರೆ. ವ್ಯಾಪಾರಸ್ಥರಿಗೆ ಮಾತ್ರ ಇಲ್ಲಿ ಬೇರೆ ಪ್ರಶ್ನೆಗಳು ಏಳಬೇಕು. ನ್ಯೂಯಾರ್ಕಿನ ಕಥೆಯನ್ನು ಕೆನಡಾದಲ್ಲಿ ಚಿತ್ರೀಕರಿಸಿದ್ದೇಕೆ? ಹಾಗೆ ಚಿತ್ರೀಕರಿಸಿದಾಗ ಹಣ ಯಾರ ಗಲ್ಲಾಪೆಟ್ಟಿಗೆಗೆ ಬಂತು? ಹೆಸರು ಯಾರಿಗೆ ಬಂತು? ನೈಜ ನಗರವೊಂದು ತೆರೆಯ ಮೇಲೆ ಬರುವಾಗ ಕಿರ್ದಿಯಲ್ಲಿ ಎರಡು ಪ್ರತ್ಯೇಕ ನಮೂದುಗಳು ಬೀಳುತ್ತವೆ. ನಗರದ ಮೈ, ಅಂದರೆ ಅದರ ಬೀದಿ, ಕಟ್ಟಡ, ಬಿಸಿಲು, ಕೂಲಿಯಾಳು, ಹೋಟೆಲು ಇವೆಲ್ಲ ಒಂದು. ನಗರದ ಹೆಸರು ಇನ್ನೊಂದು. ಇವೆರಡೂ ಒಂದೇ ಊರಿನವಾಗಿರಬೇಕೆಂಬ ನಿಯಮವೇನೂ ಇಲ್ಲ. ಯಾವ ಊರಿನ ಮೈಗೆ ಯಾವ ಊರಿನ ಹೆಸರನ್ನು ತೊಡಿಸಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನಿರ್ಮಾಪಕನ ವೆಚ್ಚದ ಅಂದಾಜುಪಟ್ಟಿ.

ಬಾಡಿಗೆಗೆ ದೊರೆಯುವ ನಗರ

ಕೆನಡಾ ಸರ್ಕಾರವು 1997ರಲ್ಲಿ ವಿದೇಶಿ ಚಿತ್ರನಿರ್ಮಾಪಕರಿಗಾಗಿ ತೆರಿಗೆ ಜಮೆ ಯೋಜನೆಯೊಂದನ್ನು ಜಾರಿಗೆ ತಂದಿತು. ಅದರ ಪ್ರಕಾರ, ಕೆನಡಾದ ಕಾರ್ಮಿಕರಿಗೆ ಮತ್ತು ತಂತ್ರಜ್ಞರಿಗೆ ನೀಡಿದ ಅರ್ಹ ವೇತನದ ಶೇ. 11 ಭಾಗವನ್ನು ನಿರ್ಮಾಣ ಸಂಸ್ಥೆಯ ಲೆಕ್ಕಕ್ಕೆ ಜಮೆ ಮಾಡಲಾಗುತ್ತಿತ್ತು. 2003ರಲ್ಲಿ ಇದನ್ನು ಶೇ. 16ಕ್ಕೆ ಏರಿಸಲಾಯಿತು. ಇದು ಮರುಪಾವತಿಗೆ ಅರ್ಹವಾದ ಜಮೆಯೆಂಬುದು ಗಮನಾರ್ಹ: ಸಂಸ್ಥೆಯು ಕಟ್ಟಬೇಕಾದ ತೆರಿಗೆಯೇ ಇಲ್ಲದಿದ್ದರೂ ಮೊತ್ತ ನಗದಾಗಿ ಕೈಸೇರುತ್ತದೆ. ಪ್ರಾಂತೀಯ ಸರ್ಕಾರಗಳ ಜಮೆ ಇದಕ್ಕೆ ಹೆಚ್ಚುವರಿ.

ಇದರೊಡನೆ ವಿನಿಮಯ ದರವನ್ನೂ ಕೂಡಿಸಿ ನೋಡಬೇಕು. 2002ರ ಜನವರಿಯಲ್ಲಿ ಒಂದು ಕೆನಡಾ ಡಾಲರಿನ ಬೆಲೆ ಅಮೆರಿಕದ ಸುಮಾರು 62 ಸೆಂಟುಗಳಿಗೆ ಇಳಿದಿತ್ತು. ಅಂದಿನ ಲೆಕ್ಕದಲ್ಲಿ 100 ಕೆನಡಾ ಡಾಲರ್ ಅರ್ಹ ವೇತನ ನೀಡಿದ ಅಮೆರಿಕದ ನಿರ್ಮಾಪಕನಿಗೆ 11 ಡಾಲರ್ ಹಿಂದಿರುಗಿ, ಉಳಿದ 89 ಡಾಲರಿಗೆ ತನ್ನ ನಾಣ್ಯದಲ್ಲಿ ತಗಲುತ್ತಿದ್ದುದು 55 ಡಾಲರ್ ಮಾತ್ರ. ಅದೇ ವರ್ಷ ತೆರೆಕಂಡು, ಮರುವರ್ಷ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ 'ಷಿಕಾಗೊ' ಸಿದ್ಧವಾದದ್ದು ಟೊರಾಂಟೊ ನಗರದಲ್ಲಿ. ಷಿಕಾಗೊದ ಗ್ರೀಕ್ ಕುಟುಂಬವೊಂದರ ಕಥೆಯಾದ 'ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್' ಚಿತ್ರದ ಬಹುಭಾಗ ತಯಾರಾದದ್ದೂ ಅಲ್ಲಿಯೇ.

ಟೊರಾಂಟೊಗೆ ಇದರಿಂದ ಬಂದುದೇನು? ಬಡಗಿಗಳಿಗೆ ಕೂಲಿ, ಮರದ ಮತ್ತು ಬಟ್ಟೆಯ ವ್ಯಾಪಾರಿಗಳಿಗೆ ಮಾರಾಟ, ಹೋಟೆಲಿಗೆ ಕೊಠಡಿ ಬಾಡಿಗೆ, ಟ್ಯಾಕ್ಸಿಗಳಿಗೆ ದುಡಿಮೆ. ಇದು ಸಣ್ಣ ಆದಾಯವೇನಲ್ಲ. ಆದರೆ ಚಿತ್ರತಂಡ ಗಂಟುಮೂಟೆ ಕಟ್ಟಿದ ದಿನ ಆ ಖಾತೆ ಮುಕ್ತಾಯವಾಯಿತು. ಷಿಕಾಗೊ ನಗರವನ್ನು ನೋಡಬೇಕೆಂದು ಯಾವ ಪ್ರವಾಸಿಯೂ ಟೊರಾಂಟೊಗೆ ಬರುವುದಿಲ್ಲ. ಹೆಸರಿನ ಖಾತೆಯಲ್ಲಿ ಆ ನಗರಕ್ಕೆ ಬಂದದ್ದು ಸೊನ್ನೆ.

ಮೈಯ ಹಿಂದೆ ಬಂದ ಹೆಸರು

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರ. 2008ರಿಂದ 2013ರವರೆಗೆ 62 ಕಂತುಗಳಲ್ಲಿ ಪ್ರಸಾರವಾದ 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯನ್ನು ಅದರ ಕರ್ತೃ ವಿನ್ಸ್ ಗಿಲಿಗನ್ ಮೊದಲು ಕಲ್ಪಿಸಿಕೊಂಡದ್ದು ಕ್ಯಾಲಿಫೋರ್ನಿಯದ ರಿವರ್‌ಸೈಡ್ ಎಂಬ ಊರಿನಲ್ಲಿ. ನ್ಯೂ ಮೆಕ್ಸಿಕೊ ಸರ್ಕಾರವು ತನ್ನಲ್ಲಿ ಮಾಡಿದ ಅರ್ಹ ವೆಚ್ಚದ ಶೇ. 25ನ್ನು ಹಿಂದಿರುಗಿಸುತ್ತಿದ್ದುದರಿಂದ ಚಿತ್ರೀಕರಣವನ್ನು ಆಲ್ಬುಕರ್ಕಿಗೆ ಒಯ್ಯಲಾಯಿತು. ಇಷ್ಟಾದರೆ ಅದು ಟೊರಾಂಟೊದ ಕಥೆಯೇ ಆಗುತ್ತಿತ್ತು. ಆದರೆ ಆಲ್ಬುಕರ್ಕಿಯ ಪೂರ್ವದಲ್ಲಿ ಸಾಂಡಿಯಾ ಪರ್ವತಗಳಿವೆ. ಊರನ್ನು ರಿವರ್‌ಸೈಡ್ ಎಂದು ತೋರಿಸಬೇಕಾದರೆ ಪ್ರತಿ ದೃಶ್ಯದಲ್ಲೂ ಆ ಪರ್ವತವನ್ನು ತಪ್ಪಿಸುತ್ತಲೇ ಕ್ಯಾಮೆರಾ ತಿರುಗಿಸಬೇಕು. ಅದಕ್ಕಿಂತ ಕಥೆಯನ್ನೇ ಆಲ್ಬುಕರ್ಕಿಗೆ ತರುವುದು ಲೇಸೆಂದು ತೀರ್ಮಾನವಾಯಿತು. ಹೀಗೆ ಒಂದು ತೆರಿಗೆ ನಿಯಮ ಮತ್ತು ಒಂದು ಬೆಟ್ಟ ಸೇರಿ, ಮೈ ಮತ್ತು ಹೆಸರುಗಳೆರಡನ್ನೂ ಒಂದೇ ಊರಿನ ಖಾತೆಗೆ ಹಾಕಿದವು.

ಬಂದ ಹೆಸರೇನೋ ಒಳ್ಳೆಯದಾಗಿರಲಿಲ್ಲ. ಧಾರಾವಾಹಿಯ ನಾಯಕ ಮಾದಕದ್ರವ್ಯ ತಯಾರಿಸುವ ರಸಾಯನಶಾಸ್ತ್ರದ ಶಿಕ್ಷಕ. ತಮ್ಮ ಊರು ಮಾದಕದ್ರವ್ಯದ ಊರೆಂದು ಲೋಕಪ್ರಸಿದ್ಧವಾಗುವುದನ್ನು ಯಾವ ನಾಗರಿಕರು ತಾನೆ ಬಯಸಿಯಾರು? ಆದರೂ ಅಲ್ಲಿನ ಸಣ್ಣ ವ್ಯಾಪಾರಿಗಳು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಧಾರಾವಾಹಿಯ ಆರಂಭದ ಕಂತುಗಳಲ್ಲಿ ನೀಲಿ ಮಾದಕದ್ರವ್ಯವೆಂದು ತೋರಿಸಲಾದದ್ದು ಸ್ಥಳೀಯ ಮಿಠಾಯಿ ಅಂಗಡಿಯೊಂದು ತಯಾರಿಸಿಕೊಟ್ಟ ಕಲ್ಲುಸಕ್ಕರೆ. ಅದೇ ಅಂಗಡಿ ಅದೇ ಕಲ್ಲುಸಕ್ಕರೆಯನ್ನು ಪುಟ್ಟ ಪೊಟ್ಟಣಗಳಲ್ಲಿ ಪ್ರವಾಸಿಗರಿಗೆ ಮಾರತೊಡಗಿತು. ಚಿತ್ರೀಕರಣದ ಸ್ಥಳಗಳನ್ನು ತೋರಿಸುವ ಪ್ರವಾಸಿ ವಾಹನಗಳು ಹೊರಟವು. 2022ರಲ್ಲಿ ನಗರದ ಸಮ್ಮೇಳನ ಭವನದಲ್ಲಿ ಎರಡು ಪ್ರಮುಖ ಪಾತ್ರಗಳ ಕಂಚಿನ ಪ್ರತಿಮೆಗಳು ಅನಾವರಣಗೊಂಡವು. ಧಾರಾವಾಹಿ ಮುಗಿದು ಒಂಬತ್ತು ವರ್ಷಗಳ ಮೇಲೆ!

ಖರ್ಚಿನ ಬದಿಯೂ ಇಲ್ಲದಿಲ್ಲ. ನಾಯಕನ ಮನೆಯೆಂದು ತೋರಿಸಲಾದದ್ದು ಸಂಸಾರವೊಂದು ವಾಸವಿದ್ದ ಖಾಸಗಿ ಮನೆ. ಕಥೆಯಲ್ಲಿ ನಾಯಕನು ಕೋಪದಿಂದ ಛಾವಣಿಯ ಮೇಲೆ ಪಿಜ್ಜಾ ಎಸೆಯುತ್ತಾನೆಂದು, ಅಭಿಮಾನಿಗಳೂ ಬಂದು ಅದೇ ಛಾವಣಿಗೆ ಪಿಜ್ಜಾ ಎಸೆಯತೊಡಗಿದರು. ಹಾಗೆ ಮಾಡದಿರಿ ಎಂದು ಗಿಲಿಗನ್ ಅವರೇ ಬಹಿರಂಗವಾಗಿ ವಿನಂತಿಸಬೇಕಾಯಿತು. ಕೊನೆಗೆ ಮನೆಯವರು ಕಬ್ಬಿಣದ ಬೇಲಿ ಹಾಕಿಸಿಕೊಂಡರು. ಬಾಡಿಗೆ ಬಂದದ್ದು ಚಿತ್ರೀಕರಣದ ದಿನಗಳಿಗೆ. ಉಪದ್ರವ ಬಂದದ್ದು ವರ್ಷಗಟ್ಟಲೆ.

ಇದೇ ಧಾರಾವಾಹಿಯಲ್ಲಿ ಇನ್ನೊಂದು ಸಂಗತಿಯಿದೆ. ಕಥೆ ಗಡಿಯಾಚೆ ಮೆಕ್ಸಿಕೊ ದೇಶಕ್ಕೆ ಹೋದಾಗಲೆಲ್ಲ ತೆರೆಯ ಬಣ್ಣ ಹಳದಿಗೆ ತಿರುಗುತ್ತದೆ. ಆ ದೃಶ್ಯಗಳೂ ಚಿತ್ರೀಕರಣಗೊಂಡದ್ದು ನ್ಯೂ ಮೆಕ್ಸಿಕೊದಲ್ಲಿಯೇ. ಅದೇ ನೆಲ, ಅದೇ ಆಕಾಶ. ಬಾಡಿಗೆ ಒಂದು ದೇಶಕ್ಕೆ ಸಂದಾಯವಾಯಿತು, ಧೂಳು ಮತ್ತು ಕಳ್ಳತನದ ಹೆಸರು ನೆರೆಯ ದೇಶದ ಖಾತೆಗೆ ಬಿತ್ತು.

ತೆರೆಗೆ ಬಾರದ ದುಡಿಮೆ

ಭಾರತದ ನಗರಗಳ ಚಿತ್ರಣವನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಎದ್ದು ಕಾಣುವ ಕೊರತೆ ಒಂದಿದೆ: ಅಲ್ಲಿ ಯಾರೂ ಏನನ್ನೂ ತಯಾರಿಸುವುದಿಲ್ಲ. 2009ರಲ್ಲಿ ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿದ 'ಸ್ಲಮ್‌ಡಾಗ್ ಮಿಲಿಯನೇರ್' ಮುಂಬಯಿಯ ಧಾರಾವಿಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಧಾರಾವಿಯೆಂದರೆ ಚರ್ಮದ ಚೀಲಗಳ ತಯಾರಿಕೆ, ಕುಂಬಾರವಾಡದ ಮಡಕೆಗಳು, ಪ್ಲಾಸ್ಟಿಕ್ ಮರುಬಳಕೆ, ಸಿದ್ಧ ಉಡುಪು ಇವುಗಳ ಸಣ್ಣ ಕೈಗಾರಿಕೆಗಳು ಒತ್ತೊತ್ತಾಗಿ ನೆಲೆಸಿರುವ ಪ್ರದೇಶ. ಪ್ರೇಕ್ಷಕರ ನೆನಪಿನಲ್ಲಿ ಉಳಿದದ್ದು ಕೊಳಚೆ ಮತ್ತು ಭಿಕ್ಷಾಟನೆ ಮಾತ್ರ. ನಮ್ಮ ಚಿತ್ರಗಳಲ್ಲಿ ಗೋದಾಮು ಎಂದರೆ ಕಳ್ಳಸಾಗಣೆದಾರರ ಅಡ್ಡೆ, ಖಾಲಿ ಪೀಪಾಯಿಗಳ ನಡುವೆ ಹೊಡೆದಾಟದ ಅಖಾಡ. ಅಲ್ಲಿ ದಾಸ್ತಾನು ಪುಸ್ತಕ ಬರೆಯುವ ಗುಮಾಸ್ತನೊಬ್ಬನೂ ಇದುವರೆಗೆ ಕಾಣಿಸಿಕೊಂಡಂತಿಲ್ಲ.

ಕರ್ನಾಟಕವು ಬಹುಕಾಲ ಟೊರಾಂಟೊದಂತೆ ಮೈಯನ್ನಷ್ಟೇ ಒದಗಿಸಿತು. 1975ರ ಆಗಸ್ಟ್ 15ರಂದು ಬಿಡುಗಡೆಯಾದ 'ಶೋಲೆ'ಯ ಬಂಡೆಗಳು ರಾಮನಗರದವು, ಹೆಸರು ಮಾತ್ರ ರಾಮಗಢ. ಆ ಊರಿನ ಪ್ರಸಿದ್ಧ ರೇಷ್ಮೆಗೂಡಿನ ವ್ಯಾಪಾರದ ಸುಳಿವೂ ಚಿತ್ರದಲ್ಲಿಲ್ಲ. ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಚಂದ್ರಾಪುರದ ಪೇಟೆಬೀದಿ ಎದ್ದು ನಿಂತದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಆಗುಂಬೆಯನ್ನು ಒಂದು ಕಾಲ್ಪನಿಕ ಊರಿನ ಹೆಸರಿನಲ್ಲಿ ದೂರದರ್ಶನದ ಮೂಲಕ ದೇಶದ ಮನೆಮನೆಗೆ ತಲುಪಿಸಿತು. ಇಲ್ಲಿ ಮಾತ್ರ ವಿಚಿತ್ರವೊಂದು ಘಟಿಸಿತು: ಧಾರಾವಾಹಿಯ ರೈಲಿನ ದೃಶ್ಯಗಳು ಚಿತ್ರಿತವಾದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ತೆರೆಯಿತು. ಇಲ್ಲದ ಊರಿನ ಹೆಸರು ಇರುವ ಊರಿನ ಖಾತೆಗೆ ತಡವಾಗಿ ಜಮೆಯಾಯಿತು.

ಕೋಲಾರದ ಚಿನ್ನದ ಗಣಿ ಪ್ರದೇಶದ ಕಥೆ ಇವೆಲ್ಲಕ್ಕಿಂತ ಜಟಿಲ. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದ, ಪ್ರಶಾಂತ್ ನೀಲ್ ನಿರ್ದೇಶನದ 'ಕೆಜಿಎಫ್' ಚಿತ್ರ ಊರಿನ ಹೆಸರನ್ನೇ ಶೀರ್ಷಿಕೆಯಾಗಿ ಇಟ್ಟುಕೊಂಡಿತು. ಗಣಿತ್ಯಾಜ್ಯದ ಬೂದುಬಣ್ಣದ ದಿಬ್ಬಗಳ ಮೇಲೆಯೇ ಸೆಟ್ ಹಾಕಿ ಚಿತ್ರೀಕರಿಸಲಾಯಿತು. ಮೈಯೂ ಅದೇ, ಹೆಸರೂ ಅದೇ. ಆದರೆ ಚರಿತ್ರೆ ಬೇರೆ. ಚಿತ್ರದ ನರಾಚಿ ಗಣಿ ಕಾಲ್ಪನಿಕ. 1951ರಿಂದ ಮೊದಲ್ಗೊಂಡು 1980ರ ದಶಕದ ಆರಂಭದವರೆಗಿನ ಕಥೆಯಲ್ಲಿ ಅಲ್ಲಿ ಜನರನ್ನು ಗುಲಾಮರಂತೆ ದುಡಿಸಲಾಗುತ್ತದೆ. ವಾಸ್ತವದಲ್ಲಿ, 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತ ಬಂದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಶಪಡಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಅಧೀನವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತು ಹರಿದುಬಂದ ಊರದು. ಕಾರ್ಮಿಕ ಸಂಘಗಳಿದ್ದ, ಆಸ್ಪತ್ರೆಯಿದ್ದ, ತಿಂಗಳ ಸಂಬಳದ ಮೇಲೆ ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲುಗಳು ನಡೆದ ಊರು. 1964ರಲ್ಲಿ ಸ್ಥಾಪಿತವಾದ ಬಿಇಎಂಎಲ್ ಅಲ್ಲಿ ಭಾರಿ ಯಂತ್ರಗಳನ್ನು ತಯಾರಿಸುತ್ತ ಬಂದಿದೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆ ಸಂಬಳ ನಿಂತಿತು. ಅಂದಿನಿಂದ ಊರಿನ ಅಸಂಖ್ಯ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ತೆರೆಯ ಮೇಲೆ ರೋಮಾಂಚನ ಹುಟ್ಟಿಸಿದ ಆ ದಿಬ್ಬಗಳು ಊರಿನವರಿಗೆ ಗಾಳಿಯೊಡನೆ ಮನೆಯೊಳಗೆ ನುಗ್ಗುವ ಸಯನೈಡ್ ದಿಬ್ಬದ ಧೂಳು. ಈಗ ಕೆಜಿಎಫ್ ಎಂಬ ಮೂರಕ್ಷರ ದೇಶದ ಮೂಲೆಮೂಲೆಯಲ್ಲೂ ಪರಿಚಿತ. ಹೆಸರಿನ ಖಾತೆಯಲ್ಲಿ ಇಷ್ಟು ದೊಡ್ಡ ಶಿಲ್ಕು ಕರ್ನಾಟಕದ ಇನ್ನಾವ ಸಣ್ಣ ಊರಿಗೂ ಸಿನಿಮಾದಿಂದ ಬಂದಿರಲಾರದು. ಆದರೆ ಶಿಲ್ಕು ತಾನಾಗಿ ನಗದಾಗುವುದಿಲ್ಲ. ಆಲ್ಬುಕರ್ಕಿಯ ಮಿಠಾಯಿ ಅಂಗಡಿಗೆ ಮಾರಲು ಕಲ್ಲುಸಕ್ಕರೆಯಿತ್ತು. ಹೆಸರು ಕೇಳಿ ಗಣಿಯೂರಿಗೆ ಬಂದವನಿಗೆ ತೋರಿಸಲು, ತಂಗಿಸಲು, ಮಾರಲು ಏನಿದೆಯೆಂಬುದನ್ನು ಅಲ್ಲಿನ ವರ್ತಕರು ಮತ್ತು ಜಿಲ್ಲಾಡಳಿತ ಸೇರಿ ಯೋಚಿಸಬೇಕಾಗಿದೆ. ಹೆಸರಿನ ಬಿಸಿ ಆರುವ ಮೊದಲು ಅದು ಆಗಬೇಕು.

ಅಂಗಡಿಯ ಬಾಗಿಲಿಗೆ ಚಿತ್ರತಂಡ ಬಂದಾಗ

ಭಾರತ ಸರ್ಕಾರವು 2023ರ ನವೆಂಬರಿನಲ್ಲಿ ವಿದೇಶಿ ಚಿತ್ರಗಳ ಚಿತ್ರೀಕರಣಕ್ಕೆ ನೀಡುವ ಪ್ರೋತ್ಸಾಹಧನವನ್ನು ಅರ್ಹ ವೆಚ್ಚದ ಶೇ. 40ಕ್ಕೆ, ಗರಿಷ್ಠ 30 ಕೋಟಿ ರೂಪಾಯಿಗಳಿಗೆ ಏರಿಸಿತು. ಸ್ವದೇಶಿ ಚಿತ್ರಗಳೂ ಧಾರಾವಾಹಿಗಳೂ ಹೇಗೂ ಇವೆ. ಹಳೆಯ ಗಿರಣಿ, ಅಕ್ಕಿಮಂಡಿ, ಹೆಂಚಿನ ಕಾರ್ಖಾನೆ ಮುಂತಾದವನ್ನು ಕೆಲವು ದಿನಗಳಿಗೆ ಕೇಳಿಕೊಂಡು ನಿರ್ಮಾಪಕರ ಕಡೆಯವರು ಬರುವುದುಂಟು. ಬಾಯಿಮಾತಿನ ಮೇಲೆ ಬೀಗದ ಕೈ ಕೊಡುವುದು ಸಾಮಾನ್ಯ ರೂಢಿ. ಅದು ಸಲ್ಲದು.

ಒಪ್ಪಂದಪತ್ರದಲ್ಲಿ ಮೈಯ ಷರತ್ತುಗಳನ್ನೂ ಹೆಸರಿನ ಷರತ್ತುಗಳನ್ನೂ ಬೇರೆಬೇರೆಯಾಗಿ ಬರೆಯಿಸಿಕೊಳ್ಳಬೇಕು. ಬಾಡಿಗೆಯ ದಿನಗಳು, ಮುಂಗಡ ಠೇವಣಿ, ಯಂತ್ರ ಮತ್ತು ದಾಸ್ತಾನಿಗೆ ಆಗಬಹುದಾದ ಹಾನಿ, ನಿಂತುಹೋದ ವ್ಯಾಪಾರದ ಪರಿಹಾರ ಮೊದಲನೆಯ ಬಗೆಯವು. ಸಂಸ್ಥೆಯ ನಿಜವಾದ ಹೆಸರು ಮತ್ತು ವ್ಯಾಪಾರ ಚಿಹ್ನೆ ತೆರೆಯ ಮೇಲೆ ಕಾಣಬೇಕೇ, ಮರೆಯಾಗಬೇಕೇ, ಕಂಡರೆ ಎಂತಹ ದೃಶ್ಯದಲ್ಲಿ ಎಂಬುದು ಎರಡನೆಯ ಬಗೆಯದು. ನಾಲ್ಕು ದಶಕ ಕಲಬೆರಕೆಯಿಲ್ಲದ ಎಣ್ಣೆ ಮಾರಿದ ಅಂಗಡಿಯ ಫಲಕ, ಕಲಬೆರಕೆಯ ದೃಶ್ಯದ ಹಿನ್ನೆಲೆಯಲ್ಲಿ ಮೂರು ಸೆಕೆಂಡು ಕಂಡರೂ ಸಾಕು, ಗಿರಾಕಿಗಳು ಕೇಳಲು ಬರುತ್ತಾರೆ. ಸಿದ್ಧ ನಮೂನೆಯ ಪತ್ರಗಳಲ್ಲಿ ಸ್ಥಳವನ್ನು ಯಾವುದೇ ಹೆಸರಿನಲ್ಲಿ, ಯಾವುದೇ ರೀತಿಯಲ್ಲಿ ತೋರಿಸುವ ಹಕ್ಕು ನಿರ್ಮಾಪಕನದೆಂಬ ವಾಕ್ಯ ಇದ್ದೇ ಇರುತ್ತದೆ. ಅದನ್ನು ತಿದ್ದಿಸದೆ ಸಹಿ ಹಾಕಬಾರದು.

ಕಟ್ಟಡ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಬೇಕು. ಅಗ್ನಿವಿಮೆ ಇದ್ದರೆ ವಿಮಾ ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕು. ಚಿತ್ರೀಕರಣದ ದೀಪಗಳಿಂದ ಕಿಡಿ ಹಾರಿದ ಮೇಲೆ ತಿಳಿಸಿ ಪ್ರಯೋಜನವಿಲ್ಲ. ಬಂದ ಬಾಡಿಗೆ ತೆರಿಗೆಗೆ ಒಳಪಡುವ ಆದಾಯ. ನಿರ್ಮಾಪಕರು ಮೂಲದಲ್ಲಿ ಕಡಿತ ಮಾಡಿದ್ದರೆ ಅದರ ಪ್ರಮಾಣಪತ್ರ ಪಡೆಯಬೇಕು. ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿ ಇರುವವರು ಬಾಡಿಗೆಗೂ ತೆರಿಗೆ ಬಿಲ್ಲು ಕೊಡಬೇಕು. ನೋಂದಣಿ ಇಲ್ಲದವರು ನೋಂದಾಯಿತ ನಿರ್ಮಾಪಕರಿಗೆ ವಾಣಿಜ್ಯ ಕಟ್ಟಡ ಬಾಡಿಗೆಗೆ ಕೊಟ್ಟರೆ, 2024ರ ಅಕ್ಟೋಬರ್ 10ರಿಂದ ಜಾರಿಗೆ ಬಂದ ವ್ಯವಸ್ಥೆಯಂತೆ ತೆರಿಗೆ ಕಟ್ಟುವ ಹೊಣೆ ನಿರ್ಮಾಪಕರದು. ಚಿತ್ರೀಕರಣಕ್ಕಾಗಿ ಇಳಿಸಿದ ನಾಮಫಲಕವನ್ನು ಯಾರು, ಯಾವ ದಿನ, ಯಾರ ಖರ್ಚಿನಲ್ಲಿ ಮತ್ತೆ ಏರಿಸಬೇಕೆಂಬುದನ್ನೂ ಪತ್ರದಲ್ಲಿ ಬರೆಯಿಸಿಡುವುದು ಒಳ್ಳೆಯದು.